ಜಾಯಿಂಟಿಲ್ಲದ ಬೆಲ್ಟು

ಗಿರಣಿಗೆ ಹೊಸ ಬೆಲ್ಟು ಬಂದ ದಿನ ಅಣ್ಣ ಮನೆಗೆ ಹೊಸ ಅಳಿಯ ಬಂದವನ ಹಾಗೆ ಓಡಾಡಿದ. ಹಳೆಯದು ಹರಿದು, ಕ್ಲಿಪ್ಪು ಹಾಕಿಸಿಕೊಂಡು, ಮತ್ತೆ ಹರಿದು, ಇನ್ನು ನನ್ನ ಕೈಲಾಗದು ಎಂದು ಬಿದ್ದುಕೊಂಡಿತ್ತು. ಹೊಸದಕ್ಕೆ ಜಾಯಿಂಟೇ ಇಲ್ಲ. ಗುಂಡಿ ಒತ್ತಿದರೆ ಎಣ್ಣೆಯ ಮೇಲೆ ಜಾರಿದ ಹಾಗೆ ಓಡುತ್ತಿತ್ತು. ಹಿಟ್ಟು ಮಾಡಿಸಲು ಬಂದವರೆಲ್ಲ ಹೊಗಳಿದರು. ಗಿರಣಿಯ ಅಟ್ಟದ ಮೇಲೆ ಅವನ ತಂಗಿ ಮಾತ್ರ ಕತ್ತರಿ ಕೆಳಗಿಟ್ಟು ಸುಮ್ಮನೆ ಕೂತಳು.

ಅವಳನ್ನು ಊರೆಲ್ಲ ಚಿಂದಿ ಎಂದು ಕರೆಯುತ್ತಿತ್ತು. ಗೋಣಿದಾರ, ತುಕ್ಕು ಹಿಡಿದ ತಗಡು, ಕೆರೆಯ ಮಣ್ಣು, ಸವೆದ ಬಟ್ಟೆ, ಇವನ್ನೆಲ್ಲ ಅಂಟಿಸಿ ಹೊಲಿದು ಚಿತ್ರ ಮಾಡುವುದು ಅವಳ ಕಸುಬು. ಎರಡು ವಸ್ತುಗಳನ್ನು ಅಕ್ಕಪಕ್ಕ ಸೇರಿಸುವ ಮುಂಚೆ ಎರಡನ್ನೂ ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಕೆನ್ನೆ ಒಪ್ಪದಿದ್ದರೆ ಬಣ್ಣ ಎಷ್ಟೇ ಹೊಂದಲಿ, ಬೇಡ. ಅವಳಿಗೆ ನಲವತ್ತು ದಾಟಿದ ಮೇಲೆ ಪೇಟೆಯ ಡಾಕ್ಟರು ಇದಕ್ಕೆ ಆಟಿಸಂ ಅನ್ನುತ್ತಾರೆ ಎಂದಾಗ ಅಣ್ಣ, "ಒಳ್ಳೇದಾಯ್ತು ಬಿಡಿ. ಇಷ್ಟು ದಿನ ನಾವು ಹಟಮಾರಿತನ ಅಂತಿದ್ವಿ," ಅಂದಿದ್ದ.

ಅವಳಿಗೆ ಸದ್ದೇ ಆಗದು ಎಂದು ಜನ ತಿಳಿದಿದ್ದರು. ಆಗದಿದ್ದದ್ದು ಹೇಳದೆ ಕೇಳದೆ ಬರುವ ಸದ್ದು. ಬಾಗಿಲು ಬಡಿದದ್ದು, ತಟ್ಟೆ ಬಿದ್ದದ್ದು, ಯಾರೋ ಕೆಮ್ಮಿದ್ದು ಒಂದೊಂದೂ ಮೈಗೆ ಚುಚ್ಚುತ್ತಿತ್ತು. ಹಳೆಯ ಬೆಲ್ಟಿನ ಜಾಯಿಂಟು ಚಕ್ರದ ಮೇಲೆ ಹಾಯುವಾಗಲೆಲ್ಲ ಟಪ್ ಎನ್ನುತ್ತಿತ್ತು. ಅದರ ಬೆನ್ನು ಹಿಡಿದು ಅವಳ ಕೈ ಸಾಗುತ್ತಿತ್ತು. ಬೇರೆ ಸದ್ದು ಹತ್ತಿರ ಸುಳಿಯುತ್ತಿರಲಿಲ್ಲ.

ಈಗ ಅಟ್ಟದಲ್ಲಿ ಹೊಸ ಗ್ರಂಥಾಲಯದ ಗೋಡೆಗೆಂದು ಒಪ್ಪಿಕೊಂಡ ಚಿತ್ರ ಅರ್ಧಕ್ಕೆ ನಿಂತಿತ್ತು. ಚಿತ್ರದಲ್ಲಿ ಕಿಟಕಿಯಿಂದ ಕಾಣುವ ಕೊಯ್ಲಾದ ಹೊಲ. ಗೋಣಿದಾರದ ಕೂಳೆಸಾಲು, ಮಣ್ಣಿನ ಬದು. ತಿಂಗಳ ಕೊನೆಗೆ ಅದು ಸಿಗದಿದ್ದರೆ ಅಂಗಡಿಯಿಂದ ಒಂದು ಜಲಪಾತದ ಪಟ ತಂದು ತೂಗುಹಾಕುತ್ತೇವೆ ಎಂದು ಗ್ರಂಥಾಲಯದವರು ಹೇಳಿಹೋಗಿದ್ದರು. ಚಿಂದಿ ಕಿವಿಗೆ ಹತ್ತಿ ತುರುಕಿ ನೋಡಿದಳು, ಬಾಯಲ್ಲೇ ಟಪ್ ಟಪ್ ಎಂದು ನೋಡಿದಳು. ಹೊಲಿದದ್ದನ್ನೆಲ್ಲ ಬಿಚ್ಚಬೇಕಾಯಿತು. ಕೊನೆಗೆ ಕೆಳಗಿಳಿದು ಬಂದಳು.

"ಅಣ್ಣ, ಬೆಲ್ಟಿಗೆ ಒಂದು ಜಾಯಿಂಟು ಹಾಕು."

"ಇಲ್ಲದ ಗಾಯಕ್ಕೆ ಹೊಲಿಗೆ ಹಾಕ್ಲಾ?"

"ಹೂಂ."

ಅಣ್ಣ ನಕ್ಕ. ಜರಡಿ ಹಿಡಿದಿದ್ದ ಅತ್ತಿಗೆ, "ಅವಳು ತಮಾಷೆ ಮಾಡ್ತಿಲ್ಲ ರೀ. ಅವಳಿಗೆ ತಮಾಷೆ ಬರಲ್ಲ," ಅಂದಳು.

"ಬರುತ್ತೆ ಅತ್ತಿಗೆ. ಈಗ ಮಾಡ್ತಿಲ್ಲ ಅಷ್ಟೇ."

"ನೋಡು ಪುಟ್ಟಿ, ಹೊಸ ಬೆಲ್ಟಿಗೆ ನಾನು ಕತ್ತರಿ ಹಾಕೋನಲ್ಲ," ಎಂದ ಅಣ್ಣ.

"ಕತ್ತರಿ ಬೇಡ. ಬೆನ್ನಿಗೊಂದು ತೇಪೆ ಅಂಟಿಸು. ಪಕ್ಕಕ್ಕೊಂದು ಹಲಗೆ ನಿಲ್ಲಿಸು. ತೇಪೆ ಬಂದಾಗೆಲ್ಲ ಹಲಗೆಗೆ ತಾಗಿ ಹೋಗಲಿ."

ಅಣ್ಣ ಬೆಲ್ಟನ್ನೇ ನೋಡುತ್ತ ತಲೆ ಕೆರೆದುಕೊಂಡ. ಆಗದ ಮಾತಾಗಿರಲಿಲ್ಲ. ಅದೇ ಅವನಿಗೆ ಕಷ್ಟವಾಯಿತು.

ಮರುದಿನ ಪಂಕ್ಚರಿನ ಅಂಟಿನಲ್ಲಿ ರಬ್ಬರು ತೇಪೆ ಕೂತಿತು. ಹಲಗೆ ನಿಲ್ಲಿಸಿ ಮೋಟರು ಹಾಕಿದ.

"ಆಯ್ತಾ?"

"ಅಲ್ಲ."

ನಿಲ್ಲಿಸಿದ. ಹಲಗೆಯನ್ನು ಬೆರಳಷ್ಟು ಸರಿಸಿದ. ಅಲ್ಲ. ಹಲಗೆಗೆ ತಗಡು ಹೊಡೆದ. "ಇದು ಬೈತಾ ಇದೆ," ಅಂದಳು. ಬಿದಿರ ಸೀಳು ಕಟ್ಟಿದ. ಅದೂ ಅಲ್ಲ. ಅಷ್ಟರಲ್ಲಿ ಬಾಗಿಲ ತನಕ ಚೀಲಗಳ ಸಾಲು ಬೆಳೆದಿತ್ತು. ಮುಂದೆ ಕೂತಿದ್ದ ಅಜ್ಜಿಯೊಬ್ಬಳು, "ಏನಪ್ಪ, ಗಿರಣಿಗೆ ಸಂಗೀತ ಪಾಠ ಹಿಡಿಸಿದ್ದೀಯಾ? ನಮ್ಮ ಕಾಳಿಗೂ ಕಲಿಸಿಬಿಡು," ಎಂದಾಗ ಸಾಲಿಗೆ ಸಾಲೇ ನಕ್ಕಿತು.

ಅಣ್ಣನ ಹುಬ್ಬಿನ ಮೇಲೆ ಹಿಟ್ಟು ಬೆವರಿನಲ್ಲಿ ಕಲಸಿಹೋಗಿತ್ತು. "ಪುಟ್ಟಿ, ಹತ್ತಿರ ಬಂದಿದೆ ಅಲ್ವಾ? ಸರಿ ಅಂದುಬಿಡಮ್ಮ."

ಸರಿ ಎಂದರೆ ಎಲ್ಲರ ಮುಖವೂ ಸಡಿಲವಾಗುತ್ತದೆ, ಅವಳಿಗೆ ಗೊತ್ತಿತ್ತು. ಎಷ್ಟೋ ವರ್ಷ ಹಾಗೆ ಸರಿ ಸರಿ ಅಂದು, ಆಮೇಲೆ ಬಾಗಿಲು ಹಾಕಿಕೊಂಡು ಮುಖಕ್ಕೆ ದಿಂಬು ಒತ್ತಿ ಮಲಗಿದ್ದಳು. ಈಗಲೂ ಅಷ್ಟೂ ಜನರ ಕಣ್ಣುಗಳು ಮೈಮೇಲೆ ಇರುವೆಯ ಹಾಗೆ ಹರಿಯುತ್ತಿದ್ದವು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಗಿ ಮಾಡಿದಳು.

"ಹತ್ತಿರ ಅಂದ್ರೆ ಅಲ್ಲ ಅಂತಲೇ ಅಣ್ಣ. ಇರು."

ಅಟ್ಟ ಹತ್ತಿ ತನ್ನ ಪೆಟ್ಟಿಗೆ ಹೊತ್ತು ತಂದಳು. ನೆಲದ ಮೇಲೆ ಸುರಿದು ಒಂದೊಂದನ್ನೇ ಗೆಣ್ಣಿನಿಂದ ತಟ್ಟುತ್ತ, ತಲೆ ಓರೆ ಮಾಡಿ ಕೇಳುತ್ತ ಕೂತಳು. ಅವಸರ ಮಾಡಲಿಲ್ಲ. ಸಾಲಿನಲ್ಲಿ ಗೊಣಗಾಟ ಶುರುವಾಗಿ, ದಣಿದು, ನಿಂತಿತು. ಹಳೆಯ ಬೂಟಿನ ದಪ್ಪ ಚರ್ಮದ ಅಟ್ಟೆ ಕೈಗೆ ಬಂದಾಗ ಎರಡು ಸಲ ತಟ್ಟಿ ಅಣ್ಣನಿಗೆ ಕೊಟ್ಟಳು.

"ಇದನ್ನ ಹೊಡಿ. ಒರಟು ಮೈ ಈಚೆಗಿರಲಿ."

ಅಣ್ಣ ಮೊಳೆ ಹೊಡೆದು ಗುಂಡಿ ಒತ್ತಿದ. ಚಕ್ರ ವೇಗ ಹಿಡಿಯಿತು. ಟಪ್, ಟಪ್ ಎನ್ನತೊಡಗಿತು. ಅಣ್ಣ ಹಲಗೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ ತಿರುಗಿ ನೋಡಿದರೆ ತಂಗಿ ಅಲ್ಲಿರಲಿಲ್ಲ. ಪೆಟ್ಟಿಗೆ, ತಗಡು, ಬಟ್ಟೆ ಎಲ್ಲ ನೆಲದ ಮೇಲೆ ಹರಡಿದಲ್ಲೇ ಇದ್ದವು.

"ಆಯ್ತಾ?" ಎಂದು ಅಟ್ಟದ ಕಡೆ ಕೂಗಿದ.

"ಏನಂದ್ಲು?" ಅಜ್ಜಿ ಕೇಳಿದಳು.

"ಏನೂ ಅನ್ನಲಿಲ್ಲ. ಕೆಲಸಕ್ಕೆ ಕೂತಳು," ಎಂದು ಅಣ್ಣ ಅಜ್ಜಿಯ ಚೀಲ ಎತ್ತಿ ಗಿರಣಿಯ ಬಾಯಿಗೆ ಸುರಿದ.