ಎರಡು ಗಂಟೆಗೆ ಬರೆದದ್ದು

ಬೋರ್ಮಾದ ಕಬ್ಬಿಣದ ಬಾಗಿಲು ತೆರೆದಾಗ ಮೊದಲು ಬಂದದ್ದು ಕಮಟು ವಾಸನೆ. ರತ್ನಾವತಿಯವರು ಬಟ್ಟೆ ಸುತ್ತಿದ ಕೈಯಿಂದ ಕೆಳಗಿನ ಟ್ರೇಯೊಂದನ್ನು ಎಳೆದರು. ಗೇರುಬೀಜಗಳೆಲ್ಲ ಕಂದು ಬಣ್ಣಕ್ಕೆ ತಿರುಗಿದ್ದವು. ಅದರ ಮೇಲಿನದ್ದೂ ಹಾಗೆಯೇ. ಒಟ್ಟು ಇಪ್ಪತ್ತು ಟ್ರೇ.

ಅವರು ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಮೂರೂವರೆ.

ಓಡು ತೆಗೆದ ಗೇರುಬೀಜವನ್ನು ಒಣಗಿಸುವ ಬಿಸಿಗಾಳಿಯ ಕೋಣೆಗೆ ಬೋರ್ಮಾ ಎನ್ನುತ್ತಾರೆ. ಶಾಖ ಕೆಳಗಿನಿಂದ ಬರುತ್ತದೆ. ಅರ್ಧ ಹೊತ್ತಾದಾಗ ಕೆಳಗಿನ ಟ್ರೇಗಳನ್ನು ಮೇಲಕ್ಕೂ ಮೇಲಿನವನ್ನು ಕೆಳಕ್ಕೂ ಹಾಕಬೇಕು. ರತ್ನಾವತಿಯವರು ಹನ್ನೊಂದು ವರ್ಷ ಆಗಾಗ ಬಾಗಿಲು ಸರಿಸಿ, ವಾಸನೆ ನೋಡಿ ಆ ಹೊತ್ತನ್ನು ಹೇಳುತ್ತಿದ್ದರು. ನಾನು ಬಂದ ಮೇಲೆ ಸೂಪರ್‌ವೈಸರ್ ಜಿತೇಶ್ ನಿಯಮ ಬದಲಿಸಿದರು. ಸಮಯ ನೋಡುವುದು ಕಾಲೇಜಿನವನು. ಅವನು ಕೂಗಿ ಹೇಳದೆ ಯಾರೂ ಬಾಗಿಲು ತೆರೆಯುವಂತಿಲ್ಲ.

ನಮ್ಮ ಕೋರ್ಸಿನ ಕೊನೆಯ ಸೆಮಿಸ್ಟರಿನಲ್ಲಿ ತರಗತಿಗಳಿಲ್ಲ. ಹದಿನಾರು ವಾರ ಸಂಬಳಕ್ಕೆ ಕೆಲಸ ಮಾಡಬೇಕು, ಅದಕ್ಕೆ ಹನ್ನೆರಡು ಕ್ರೆಡಿಟ್. ಕೆಲಸದ ಪುಸ್ತಕದಲ್ಲಿ ಒಂದು ಸುಳ್ಳು ಕಂಡರೂ ಹನ್ನೆರಡೂ ರದ್ದು. ಡಿಗ್ರಿ ಮುಂದಿನ ವರ್ಷಕ್ಕೆ. ದಿನವೂ ಪರ್ಕಳದಿಂದ ಕಾರ್ಕಳದ ಬಸ್ಸು ಹಿಡಿದು ಈ ಗೇರುಬೀಜದ ಕಾರ್ಖಾನೆಗೆ ಬಂದು ಹದಿನೈದು ವಾರ ಮುಗಿಸಿದ್ದೆ. ಅಂದು ಮಧ್ಯಾಹ್ನ ನಮ್ಮ ಕಾಲೇಜಿನ ಮನೋರಮಾ ಮೇಡಂ ಮಣಿಪಾಲದಿಂದ ಮೌಲ್ಯಮಾಪನಕ್ಕೆ ಬರುವವರಿದ್ದರು. ಅಷ್ಟರಲ್ಲಿ ಪುಟ ತುಂಬಿರಲಿ ಎಂದು ಒಂದೂವರೆಗೇ ಬರೆದಿದ್ದೆ: ‘ಎರಡು ಗಂಟೆ. ಕೂಗಿ ಹೇಳಿದೆ. ಟ್ರೇ ಬದಲಾವಣೆ.’ ನನ್ನ ಅಭ್ಯಾಸವೇ ಅದು. ಮೊದಲು ಬರೆಯುತ್ತಿದ್ದೆ, ಆಮೇಲೆ ಮಾಡುತ್ತಿದ್ದೆ. ಅಂದು ಗ್ರೇಡಿಂಗ್ ಹಾಲಿನಲ್ಲಿ ಮೇಡಂಗೆ ತೋರಿಸುವ ಚಾರ್ಟ್ ತಿದ್ದುತ್ತ ಕುಳಿತವನಿಗೆ ಎರಡು ಗಂಟೆಯಾದದ್ದೇ ಗೊತ್ತಾಗಲಿಲ್ಲ. ರತ್ನಾವತಿಯವರು ಪಕ್ಕದ ಬಾಯ್ಲರಿಗೆ ಉರುವಲಾಗಿ ಓಡು ತುಂಬುತ್ತ, ಆ ಹೊಗೆಯಲ್ಲಿ, ನನ್ನ ಕೂಗಿಗೆ ಕಾಯುತ್ತಿದ್ದರು. ನಾನು ಬೋರ್ಮಾದ ಹತ್ತಿರ ಬಂದು ಬಾಗಿಲು ತೆರೆಸಿದ್ದು ಮೂರೂವರೆಗೆ.

ಆಫೀಸಿಗೆ ನಮ್ಮನ್ನು ಕರೆಸಿದಾಗ ಮೇಡಂ ಆಗಲೇ ಕುರ್ಚಿಯಲ್ಲಿದ್ದರು. ಅಂಕಪಟ್ಟಿ ಮೇಜಿನ ಮೇಲಿತ್ತು.

“ಎಂತ ರತ್ನಕ್ಕ ಇದು?” ಜಿತೇಶ್ ಕರಕಾದ ಬೀಜಗಳನ್ನು ಮೇಜಿಗೆ ಸುರಿದರು. “ಕಾಫಿಪುಡಿ ಮಾಡುವ ಅಂದಾಜು ಉಂಟಾ?”

“ಹುಡುಗ ಕೂಗಲಿಲ್ಲ ಸರ್.”

“ಕೂಗಿದ್ದಾನೆ. ಪುಸ್ತಕದಲ್ಲಿ ಉಂಟು, ನೋಡಿ.”

ಮೇಡಂ ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. “ಕಾರ್ಲ್ಟನ್, ಇದು ನಿಮ್ಮದೇ ಅಕ್ಷರ ಅಲ್ವಾ?”

“ಹೌದು ಮೇಡಂ.”

ಕೇಳಿದ್ದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದೆ. ಇನ್ನೊಂದು ಪ್ರಶ್ನೆ ಬಂದರೆ ಹೇಳುತ್ತೇನೆ ಎಂದು ಕಾದೆ. ಯಾರೂ ಕೇಳಲಿಲ್ಲ. ಫ್ಯಾನಿನ ಗಾಳಿಗೆ ಅಂಕಪಟ್ಟಿಯ ತುದಿ ಎದ್ದು ಬೀಳುತ್ತಿತ್ತು.

ರತ್ನಾವತಿಯವರು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ನನ್ನನ್ನೊಮ್ಮೆ ನೋಡಿ, ಯಾವುದೋ ಲೆಕ್ಕ ತಪ್ಪಿದವರಂತೆ ನೆಲ ನೋಡಿದರು.

“ಹಾಗಾದರೆ ಕೂಗಿರಬಹುದು ಸರ್. ನನಗೇ ಕೇಳಿಸಿರಲಿಕ್ಕಿಲ್ಲ. ಎಡದ ಕಿವಿ ಹೋಗಿ ಎರಡು ವರ್ಷ ಆಯಿತು. ಈಗ ಬಲದ್ದೂ ಕಮ್ಮಿ. ಬಾಯ್ಲರ್ ಉರಿಯುವಾಗ ಎಂತದ್ದೂ ಗೊತ್ತಾಗುವುದಿಲ್ಲ.”

ಇದು ಜಿತೇಶ್‌ಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಾನು ಕೂಗುವಾಗಲೆಲ್ಲ ಅವರು ನನ್ನ ಬಾಯಿಯನ್ನೇ ದಿಟ್ಟಿಸುತ್ತಿದ್ದುದು ನನ್ನ ಮೇಲೆ ನಂಬಿಕೆಯಿಲ್ಲದೆ ಎಂದುಕೊಂಡಿದ್ದೆ.

“ನಾನು ಕೂಗಲಿಲ್ಲ,” ಎಂದೆ.

“ಮತ್ತೆ ಈ ಬರೆದದ್ದು?” ಮೇಡಂ ಕೇಳಿದರು.

“ಒಂದೂವರೆಗೆ ಬರೆದದ್ದು.”

ಅವರು ಹಿಂದಿನ ಪುಟಗಳನ್ನು ಮಗುಚಿದರು. “ಉಳಿದ ದಿನಗಳದ್ದು?”

“ಹೆಚ್ಚಿನವು ಹಾಗೆಯೇ. ಆದರೆ ಆ ದಿನಗಳಲ್ಲಿ ಕೆಲಸ ಮಾಡಿದ್ದೇನೆ.”

“ಮಾಡಿರಬಹುದು. ಅದನ್ನು ನಾನು ಈಗ ಹೇಗೆ ನಂಬುವುದು?” ಅವರು ಪೆನ್ನಿನ ಮುಚ್ಚಳ ಹಾಕಿ, ಏನೂ ಬರೆಯದ ಅಂಕಪಟ್ಟಿಯನ್ನು ಚೀಲದೊಳಗಿಟ್ಟರು. “ಮುಂದಿನ ವರ್ಷ ಬೇರೆ ಕಡೆ ಸೇರಿಕೊಳ್ಳಿ. ಕಾಪುವಿನಲ್ಲಿ ಒಂದು ಐಸ್ ಪ್ಲಾಂಟ್ ಉಂಟು.”

ಜಿತೇಶ್ ನನ್ನ ಕಡೆ ನೋಡಲೇ ಇಲ್ಲ. “ತಪ್ಪು ನಿಮ್ಮದಲ್ಲ ರತ್ನಕ್ಕ. ಆದರೆ ಕಿವಿ ಕೇಳದವರನ್ನು ಬಾಯ್ಲರಿನ ಹತ್ತಿರ ಇಟ್ಟುಕೊಂಡರೆ ನಾಳೆ ಎಂತಾದರೂ ಆದರೆ ನನ್ನ ತಲೆಗೆ ಬರುತ್ತದೆ. ನಾಳೆಯಿಂದ ಸಿಪ್ಪೆ ಸುಲಿಯುವ ಹಾಲಿಗೆ ಹೋಗಿ.”

“ಅಲ್ಲಿ ಹೊಸಬರು ಕೂರುವುದಲ್ವಾ ಸರ್?”

“ಹೌದು.”

ನಾವಿಬ್ಬರೂ ಹೊರಗೆ ಬಂದೆವು. ಅಂಗಳದಲ್ಲಿ ಹಸಿ ಗೇರುಬೀಜ ಒಣಹಾಕಿದ್ದರು. ಅದರ ಅಂಚಿನಲ್ಲಿ ಅವರು ನಿಂತರು.

“ಕೂಗಲಿಲ್ಲ ಅಂತ ಮೊದಲೇ ಹೇಳಬಾರದಿತ್ತಾ ಮಗಾ? ನಾನು ಕಿವಿಯ ಸುದ್ದಿಯೇ ತೆಗೆಯುತ್ತಿರಲಿಲ್ಲ.”

“ತಪ್ಪಾಯಿತು ರತ್ನಕ್ಕ,” ಎಂದೆ.

ಅವರು ಮುಂದೆ ನಡೆದರು. ನಾನು ನಿಂತಿದ್ದುದು ಅವರ ಎಡಕ್ಕೆ. ಬೇಗ ಬೇಗ ನಡೆದು ಬಲಕ್ಕೆ ಹೋಗಿ ಇನ್ನೊಮ್ಮೆ ಹೇಳಿದೆ, ಗಟ್ಟಿಯಾಗಿ. ಬೀಜ ಹರವುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು.

“ಕೇಳಿತು,” ಎಂದರು ಅವರು. “ಬೊಬ್ಬೆ ಹಾಕಬೇಡ.”