ಊಟದ ನಿಲುಗಡೆ

“ಇಲ್ಲಿ ಕೂರೋಕೆ ಕುರ್ಚೀನೇ ಇಲ್ವಲ್ಲಪ್ಪಾ,” ಎಂದು ಹೋಟೆಲಿನ ಬಾಗಿಲಲ್ಲಿ ಮಗಳು ಹೇಳುವ ಹೊತ್ತಿಗೆ ಬಸ್ಸಿನ ಡ್ರೈವರಾದ ಅವಳಪ್ಪ ಅದನ್ನು ನೋಡಿಯಾಗಿತ್ತು. ಎದೆಯೆತ್ತರದ ಕಟ್ಟೆಗಳ ಸುತ್ತ ಜನ ಹೆಗಲ ಚೀಲವನ್ನೂ ಇಳಿಸದೆ ನಿಂತುಕೊಂಡೇ ತಿನ್ನುತ್ತಿದ್ದರು. ಸೊಸೆಯ ತೋಳು ಹಿಡಿದು ಬಾಗಿಲಲ್ಲಿ ನಿಂತಿದ್ದ ಅವನ ತಾಯಿ ಒಳಗೊಮ್ಮೆ ಇಣುಕಿ, ಕರ್ಚೀಫನ್ನು ಬಾಯಿಗೆ ಅಡ್ಡ ಹಿಡಿದಳು.

ಲಕ್ವ ಹೊಡೆದ ಮೇಲೆ ಆಕೆಯ ತುಟಿಯ ಬಲಬದಿ ಜೋತುಬಿದ್ದಿತ್ತು, ಬಲಗೈ ಸೋತಿತ್ತು. ತಿಂದದ್ದು ಅರ್ಧ ಹೊಟ್ಟೆಗೆ, ಅರ್ಧ ಮಡಿಲಿಗೆ. ಅಂದಿನಿಂದ ಆಕೆ ಪರರೆದುರು ತುತ್ತೆತ್ತಿದವಳಲ್ಲ; ಮನೆಯಲ್ಲೂ ಎಲ್ಲರದಾದ ಮೇಲೆ ಗೋಡೆಗೆ ಮುಖಮಾಡಿ ಉಣ್ಣುತ್ತಿದ್ದಳು. ಈ ದೊಡ್ಡ ಊರಿನ ಆಸ್ಪತ್ರೆಗೆ ಅವಳನ್ನು ತೋರಿಸಲೆಂದೇ ಬಂದಿದ್ದರು. ಡಾಕ್ಟರು ಪರೀಕ್ಷೆ ಮಾಡಿ, ಇವರನ್ನು ಒಬ್ಬರೇ ಉಣ್ಣಲು ಬಿಡಬೇಡಿ, ಜೊತೆಯಲ್ಲಿ ಕೂರಿಸಿಕೊಳ್ಳಿ, ಅವಸರ ಮಾತ್ರ ಮಾಡಬೇಡಿ ಎಂದಿದ್ದರು. ಹೊರಗೆ ಬಂದವಳೇ ತಾಯಿ, ಯಾರೂ ಕೇಳದೆಯೇ, “ಹಂಗಾದ್ರೆ ಇವತ್ತು ಎಲ್ಲಾ ಒಟ್ಟಿಗೆ ಹೋಟ್ಲಲ್ಲೇ ಉಣ್ಣಾಣ,” ಎಂದಳು. ತೊದಲು ಮಾತು, ಆದರೂ ಮಗನಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಆ ಮನಸ್ಸು ಆರಿಹೋಗುವ ಮೊದಲು ಒಂದು ಮೂಲೆ ಹುಡುಕಬೇಕಿತ್ತು.

ಮುಂದಿನ ಹೋಟೆಲಿನಲ್ಲಿ ಕುಟುಂಬದವರು ಕೂರುವ ಕೋಣೆ ಮಹಡಿಯ ಮೇಲಿತ್ತು, ಮೆಟ್ಟಿಲು ಕಡಿದಾಗಿದ್ದವು. ಅದರಾಚೆಯದರಲ್ಲಿ ಹಾಡಿನ ಅಬ್ಬರಕ್ಕೆ ಮೇಜಿನ ಮೇಲಿನ ಲೋಟ ನಡುಗುತ್ತಿತ್ತು. ಮತ್ತೊಂದರಲ್ಲಿ ಒಳ್ಳೆಯ ಮೂಲೆಯೇ ಖಾಲಿಯಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಫೋನಿನಲ್ಲಿ ಮೊದಲೇ ಹೇಳಿಟ್ಟವರಿಗೆ ಅದು ಮೀಸಲು ಎಂದು ಬಾಗಿಲಿನವನು ನಗುತ್ತಲೇ ಕೈಯಡ್ಡ ಇಟ್ಟ. ದಾರಿಯಲ್ಲಿ ಹಣ್ಣು ಮಾರುವವನನ್ನು ಕೇಳಿದರೆ, ಇಲ್ಲಿ ಹೆಜ್ಜೆಗೊಂದು ಹೋಟೆಲಿದೆಯಲ್ಲ ಎಂದು ತಲೆಯೆತ್ತದೆ ಹೇಳಿದ. ಊರು ತುಂಬ ಒಲೆ, ಉಣ್ಣೋಕೊಂದು ಮಣೆ ಇಲ್ಲ ಎಂದು ತಾಯಿ ತಮಾಷೆ ಮಾಡಿದಳು. ಆದರೆ ಅವಳ ಕಾಲು ಎಳೆಯತೊಡಗಿತ್ತು.

“ದಿನಾ ಬಸ್ಸು ತುಂಬ ಜನಕ್ಕೆ ಊಟ ಮಾಡಿಸ್ತೀರಿ,” ಎಂದಳು ಹೆಂಡತಿ. “ಮನೆಯವರು ಮೂರು ಜನ ಭಾರ ಆಗ್ಬಿಟ್ವೇನ್ರೀ?”

ಮಾತು ಮುಟ್ಟಬೇಕಾದಲ್ಲಿಗೆ ಮುಟ್ಟಿತ್ತು. ಅವನ ದಾರಿಯ ಹೋಟೆಲುಗಳಲ್ಲಿ ಬಸ್ಸಿನ ಸದ್ದು ಕೇಳಿದರೆ ಸಾಕು, ಯಜಮಾನನೇ ಹೊರಗೆ ಬರುತ್ತಿದ್ದ. ಅಡುಗೆಮನೆಯ ಪಕ್ಕದಲ್ಲಿ ಡ್ರೈವರುಗಳಿಗೆಂದೇ ಒಂದು ಮೇಜು, ಕೂರುವುದರೊಳಗೆ ತಟ್ಟೆ. ನಾಲ್ಕು ತುತ್ತಿನಲ್ಲಿ ಮುಗಿಸಿ, ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ “ಹೊರಡೋಣ” ಎಂದರೆ ಇಡೀ ಹೋಟೆಲೇ ಎದ್ದು ನಿಲ್ಲುತ್ತಿತ್ತು. ಅನ್ನಕ್ಕಾಗಿ ಪರರ ಬಾಗಿಲಲ್ಲಿ ನಿಂತು ಗೊತ್ತಿಲ್ಲದ ಜೀವ ಅದು. ಇಲ್ಲಿ ಅವನ ಬೆನ್ನ ಹಿಂದೆ ಬಸ್ಸಿಲ್ಲ, ಅವನನ್ನು ಕೇಳುವವರೂ ಇಲ್ಲ.

ಕೊನೆಗೆ ಅವನ ಕಣ್ಣಿಗೆ ಬಿದ್ದದ್ದೂ ಬಸ್ಸುಗಳೇ. ಒಂದು ಡಿಪೋದ ಹಿಂಬದಿಯ ಓಣಿ. ಅಲ್ಲಿ ಬಣ್ಣ ಮಾಸಿದ ಬಾಗಿಲಿನ ಸಣ್ಣ ಹೋಟೆಲು. ಮನೆಯವರು ಹಿಂದೆ ಬಂದರೋ ಇಲ್ಲವೋ ನೋಡದೆ ಅವನು ನೇರ ಒಳಗೆ ನುಗ್ಗಿ ಅಡುಗೆಮನೆಯ ಕಡೆಗೆ ನಡೆದ.

“ಡ್ರೈವರಾ?” ಗಲ್ಲಾದಲ್ಲಿ ಕೂತಿದ್ದ ಹೆಂಗಸು ಕೇಳಿದಳು. “ಬಸ್ಸೆಲ್ಲಿ?”

ಅವನಿಗೆ ನಾಚಿಕೆಯಾಯಿತು. “ಬಸ್ಸು ತಂದಿಲ್ಲ. ಅಮ್ಮನ್ನ ಕರ್ಕೊಂಡು ಬಂದಿದೀನಿ.”

ಹೆಂಗಸು ಬಾಗಿಲಲ್ಲಿದ್ದ ಮುದುಕಿಯನ್ನೂ ಕರ್ಚೀಫನ್ನೂ ನೋಡಿದಳು. ಏನೂ ಕೇಳದೆ ಎದ್ದು ಬಂದು, ಮೂಲೆಯ ಮೇಜನ್ನು ಸ್ವಲ್ಪ ಎಳೆದು, ಕುರ್ಚಿಯೊಂದನ್ನು ಗೋಡೆಯತ್ತ ತಿರುಗಿಸಿಟ್ಟಳು. ಎಷ್ಟು ಹೊತ್ತಾದರೂ ಕೂರಬಹುದು, ಈ ಹೊತ್ತಿನಲ್ಲಿ ಆ ಮೇಜಿಗೆ ಕಾಯುವವರಿಲ್ಲ ಎಂದಳು.

ಮೆತ್ತಗೆ ಬೆಂದ ಅನ್ನ ಬಂತು, ಬಿಸಿಬಿಸಿ ತರಕಾರಿ ಪಲ್ಯ ಬಂತು. ತಾಯಿ ಕಣ್ಣು ಮುಚ್ಚಿ ದೇವರನ್ನು ನೆನೆದು, ಎಡಗೈಯಲ್ಲಿ ಚಮಚ ಹಿಡಿದಳು. ಮೊದಲ ತುತ್ತು ಚೆಲ್ಲಿತು. ಸೊಸೆ ನೋಡದವಳಂತೆ ಮಗಳ ತಟ್ಟೆಗೆ ಬಡಿಸಿದಳು. ಎರಡನೆಯದು ಒಳಗೆ ಹೋಯಿತು. ತಾಯಿ ಕರ್ಚೀಫನ್ನು ಮೇಜಿನ ಮೇಲಿಟ್ಟು, ಕುರ್ಚಿಯನ್ನು ತಾನೇ ಮೆಲ್ಲಗೆ ಮೊಮ್ಮಗಳ ಕಡೆಗೆ ತಿರುಗಿಸಿಕೊಂಡಳು.

ಡ್ರೈವರನ ಜೀವ ಹಗುರಾಯಿತು. ತಟ್ಟೆ ಯಾವಾಗ ಬರಿದಾಯಿತೋ, ಕೈ ಯಾವಾಗ ತೊಳೆದನೋ ಅವನಿಗೇ ತಿಳಿಯದು. ಕಾಲುಗಳು ಅವನನ್ನು ಬಾಗಿಲಿಗೆ ಕರೆದೊಯ್ದವು. ಕೈಗಳು ತಾವಾಗಿಯೇ ಚಪ್ಪಾಳೆ ತಟ್ಟಿದವು.

“ಹೊರಡೋಣ.”

ತಾಯಿ ಬಾಯಿಯ ಹತ್ತಿರ ತಂದಿದ್ದ ಚಮಚವನ್ನು ತಟ್ಟೆಗಿಳಿಸಿದಳು. ಕರ್ಚೀಫು ಹುಡುಕಿ ಬಾಯಿ ಒರೆಸಿ, ಎಡಗೈಯನ್ನು ಮೇಜಿಗೆ ಊರಿ ಏಳತೊಡಗಿದಳು. ಮುಖದಲ್ಲಿ ಬೇಸರವಿರಲಿಲ್ಲ; ಬಸ್ಸು ತನಗಾಗಿ ನಿಲ್ಲುವುದಿಲ್ಲವೆಂದು ತಿಳಿದವರ ಗಡಿಬಿಡಿ ಮಾತ್ರ ಇತ್ತು.

“ಹೊತ್ತಾಯ್ತೇನೋ, ಮಗಾ?”

ಅವನು ತನ್ನ ಕೈಗಳನ್ನು ನೋಡಿಕೊಂಡ.

“ಕೂತ್ಕೊಳ್ಳಿ ಅತ್ತೆ,” ಎಂದಳು ಹೆಂಡತಿ. ಗಂಡನ ಕಡೆ ತಿರುಗಿ, ದನಿ ಏರಿಸದೆ, “ನಮ್ಮನ್ನ ಇಲ್ಲೇ ಬಿಟ್ಟು ಇನ್ಯಾರನ್ನ ಹತ್ತಿಸ್ಕೊಂಡು ಹೋಗ್ತೀರಿ?” ಎಂದಳು.

ಅವನು ಹಿಂದಿರುಗಿ ಬಂದು ಕೂತ. ತಾಯಿ ಇನ್ನೂ ಅರ್ಧ ಎದ್ದೇ ಇದ್ದಳು.

“ಹೊತ್ತೇನಾಗಿಲ್ಲ ಕಣಮ್ಮ. ನಂಗಿನ್ನೂ ಹಸಿವು ಹೋಗಿಲ್ಲ,” ಎಂದು ಸುಳ್ಳು ಹೇಳಿ, ಇನ್ನೊಂದು ತಟ್ಟೆ ತರಿಸಿದ.

ತಾಯಿ ಅವನ ಮುಖವನ್ನೇ ಒಂದಿಷ್ಟು ಹೊತ್ತು ನೋಡಿ ಕುರ್ಚಿಗಿಳಿದಳು. ಚಮಚ ಮತ್ತೆ ನಿಧಾನಕ್ಕೆ ಮೇಲೆದ್ದಿತು. ಅವಳದೊಂದು ತುತ್ತು ಮುಗಿಯುವವರೆಗೂ ಅವನು ತನ್ನ ಇನ್ನೊಂದನ್ನು ಎತ್ತಲಿಲ್ಲ. ಮೇಜಿನಡಿಯಲ್ಲಿ ಅವನ ಬಲಗಾಲು, ಇಳಿಜಾರಿನಲ್ಲಿ ಬ್ರೇಕು ತುಳಿದು ಹಿಡಿದಂತೆ, ನೆಲವನ್ನು ಒತ್ತಿಕೊಂಡೇ ಇತ್ತು.