ಸುವ್ವಿ ಹಾಡಿನ ಬುಟ್ಟಿ

ಸುಳ್ಳು ಶುರು ಮಾಡಿದ್ದು ನನ್ನ ಅಜ್ಜ ಗುತ್ಯಪ್ಪ. ಹೆಣ್ಣು ನೋಡಲು ಬಂದವರ ಮುಂದೆ ಭೂಮಿ ಹುಣ್ಣಿಮೆಯ ಬುಟ್ಟಿಯೊಂದನ್ನು ಇಟ್ಟು, ‘ಈ ಚಿತ್ತಾರ ನಮ್ ವನಜಂದೇ’ ಎಂದುಬಿಟ್ಟ. ನಿಜಕ್ಕೂ ಬರೆದವಳು ಅಜ್ಜಿ ಹೂವಮ್ಮ. ನನ್ನ ಅವ್ವ ವನಜಳಿಗೆ ನೆಟ್ಟಗೆ ಒಂದು ರಂಗೋಲಿ ಎಳೆಯಲೂ ಬರುತ್ತಿರಲಿಲ್ಲ. ಆದರೆ ಗಂಡಿನ ತಾಯಿ ತುಂಗಮ್ಮ ಬುಟ್ಟಿಯನ್ನು ಮೂರು ಸಲ ತಿರುಗಿಸಿ ನೋಡಿ, ಹುಡುಗಿಯನ್ನು ಒಂದು ಸಲವೂ ಸರಿಯಾಗಿ ನೋಡದೆ, ಸಂಬಂಧ ಒಪ್ಪಿಕೊಂಡಳು.

ಹೀಗೆ ಸೊರಬದ ಕುಪ್ಪಗಡ್ಡೆಯ ಹುಡುಗಿ ಶಿಕಾರಿಪುರ ತಾಲ್ಲೂಕಿಗೆ, ಈಸೂರಿನ ಪಕ್ಕದ ಹಳ್ಳಿಗೆ ಸೊಸೆಯಾದಳು. ಐವತ್ತೆಂಟರ ದಸರೆಯ ಹೊತ್ತಿಗೆ ಅವಳು ಐದು ತಿಂಗಳ ಬಸುರಿ. ಅಂದರೆ ಈ ಕತೆಯಲ್ಲಿ ನಾನೂ ಇದ್ದೆ, ಏನೂ ಕಾಣದ ಜಾಗದಲ್ಲಿ ಅಷ್ಟೆ. ಭೂಮಿ ಹುಣ್ಣಿಮೆಯೆಂದರೆ ತೆನೆ ಕಟ್ಟುವ ಗದ್ದೆಗೂ ಬಯಕೆಯ ಊಟ ಬಡಿಸುವ ಹಬ್ಬ. ಆ ಊಟ ಹೋಗುವುದು ಚಿತ್ತಾರದ ಬುಟ್ಟಿಯಲ್ಲಿ. ತುಂಗಮ್ಮ ಮನೆಮನೆಗೆ ಹೇಳಿ ಬಂದಿದ್ದಳು, ಹಬ್ಬದ ಹಿಂದಿನ ಮಧ್ಯಾಹ್ನ ನನ್ನ ಸೊಸೆ ಜಗಲಿಯಲ್ಲೇ ಕೂತು ಬರೆಯುತ್ತಾಳೆ, ಬಂದು ನೋಡಿ ಎಂದು.

ಬರೆದ ಬುಟ್ಟಿಯೊಂದನ್ನು ಕದ್ದುಮುಚ್ಚಿ ತಂದುಕೊಡು ಎಂದು ಅವ್ವ ತವರಿಗೆ ಹೇಳಿ ಕಳಿಸಿದಳು. ಅಜ್ಜಿ ಬಸ್ಸು ಹತ್ತಿ ಬಂದಳು, ಬರಿಗೈಯಲ್ಲಿ. ಹಿತ್ತಿಲಲ್ಲಿ ಅವ್ವ ಅತ್ತೇಬಿಟ್ಟಳು.

‘ಬೀಗತಿಗೆ ಸುಳ್ ಹೇಳಾದು ಬ್ಯಾರೆ,’ ಎಂದಳು ಅಜ್ಜಿ. ‘ಭೂಮ್ತಾಯಿಗೆ ಸುಳ್ ಬಡ್ಸಾಕಾಗ್ತೈತೇನೇ? ಈ ಮನೀ ಬುಟ್ಟಿ ನಿನ್ ಕೈಯಾಗೇ ಆಗ್ಬೇಕು.’

‘ನಂಗ್ ಬರಾಕಿಲ್ಲಲ್ಲೇ ಅವ್ವಾ. ನಾಳಿಂದ ಈ ಊರಾಗೆ ಹೆಂಗ್ ತಲಿ ಎತ್ಲಿ?’

‘ನಾ ಹಾಡ್ತೀನಿ. ನೀ ಹಾಡಿಗೆ ಕಿವಿ ಕೊಡು, ಸಾಕು.’

ಮಧ್ಯಾಹ್ನ ಜಗಲಿಯ ತುಂಬ ಹೆಂಗಸರು. ಕೆಮ್ಮಣ್ಣು ಬಳಿದ ಬುಟ್ಟಿ, ಅಕ್ಕಿಹಿಟ್ಟಿನ ಬಿಳಿ ಬಣ್ಣ, ಪುಂಡಿ ನಾರಿನ ಕುಂಚ, ನಡುವೆ ಅವ್ವ. ಅಜ್ಜಿ ಕಣ್ಣು ಮುಚ್ಚಿ ಭಕ್ತಿಯಿಂದ ರಾಗ ತೆಗೆದಳು.

‘ಮೇಲಿಂದ ಕೆಳಗೆರಡು ಗೆರೆಯನ್ನು ಎಳೆಯಮ್ಮ ಸುವ್ವಿ, ನಾರನ್ನು ಒತ್ತಬ್ಯಾಡ ಸುವ್ವಿ.’

‘ನಾರನ್ನು ಒತ್ತಬ್ಯಾಡ ಸುವ್ವಿ,’ ಎಂದು ಹೆಂಗಸರೆಲ್ಲ, ಇದು ಸೊರಬದ ಕಡೆಯ ಹಬ್ಬದ ಹಾಡೆಂದೇ ತಿಳಿದು, ಕೈಮುಗಿದು ಸೊಲ್ಲು ಹಿಡಿದರು.

ಅವ್ವ ಎಳೆದಳು. ಗೆರೆ ಸೊಟ್ಟಗೆ ಬಂತು. ‘ಸೊಟ್ಟಾದ ಗೆರೆ ಮ್ಯಾಲೆ ಎಲೆ ಬರೆದು ಮುಚ್ಚಮ್ಮ ಸುವ್ವಿ,’ ಎಂದಳು ಅಜ್ಜಿ. ಬಣ್ಣದ ಹನಿ ತೊಟ್ಟಿಕ್ಕಿತು. ‘ಬಿದ್ದ ಹನಿಗೆ ರೆಕ್ಕೆ ಬರೆಯೆ, ಹಕ್ಕಿ ಆಗ್ತೈತೆ ಸುವ್ವಿ.’ ಬುಟ್ಟಿಯಲ್ಲಿ ಹಕ್ಕಿಗಳೇ ಹಕ್ಕಿಗಳು. ಚಿತ್ತಾರದ ಏಣಿಯನ್ನು ಬಲಕ್ಕೆ ಬರೆ ಎಂದರೆ ಅವ್ವ ಎಡಕ್ಕೆ ಹೋದಳು. ಅಜ್ಜಿಗೆ ರೇಗಿತು, ರಾಗ ಮಾತ್ರ ತಪ್ಪಲಿಲ್ಲ.

‘ಬಲ ಅಂದ್ರೆ ಉಣ್ಣೋ ಕೈ, ಕತ್ತೆ, ಸುವ್ವಿ.’

‘ಉಣ್ಣೋ ಕೈ, ಕತ್ತೆ, ಸುವ್ವಿ,’ ಎಂದರು ಹೆಂಗಸರು, ಅಷ್ಟೇ ಭಕ್ತಿಯಿಂದ.

ಹೊಟ್ಟೆಯೊಳಗೆ ನಾನು ಆಗಲೇ ಮೊದಲ ಸಲ ಒದ್ದೆನಂತೆ. ನಗು ತಡೆಯಲಾಗದೆ ಒದ್ದಿರಬೇಕು.

ತುಂಗಮ್ಮ ಮಾತ್ರ ಹಾಡುತ್ತಿರಲಿಲ್ಲ. ಮುಖ ಬಿಗಿದು ಬುಟ್ಟಿಯನ್ನೇ ನೋಡುತ್ತಿದ್ದಳು. ಸೂರ್ಯನನ್ನು ಬರೆಯುವ ಸರದಿ ಬಂದಾಗ ಅವಳು ಎದ್ದು ನಿಂತಳು. ಅವ್ವನ ಕೈ ಗಾಳಿಯಲ್ಲೇ ನಿಂತಿತು, ಅಜ್ಜಿ ರಾಗ ನಿಲ್ಲಿಸಿದಳು. ಇಷ್ಟೂ ಹೆಂಗಸರ ಮುಂದೆ ಎಲ್ಲವೂ ಬಯಲಾಯಿತು ಎಂದುಕೊಂಡರು ತಾಯಿ ಮಗಳು.

ತುಂಗಮ್ಮ ತನ್ನ ಕೈಯ ಬೆಳ್ಳಿ ಬಳೆ ಬಿಚ್ಚಿ ಬುಟ್ಟಿಯ ಮೇಲೆ ಒತ್ತಿ ಹಿಡಿದಳು.

‘ಅತ್ತೆಯ ಬಳೆ ಸುತ್ತ ಗೆರೆಯೊಂದ ಎಳೆಯಮ್ಮ ಸುವ್ವಿ,’ ಎಂದು ಒಡಕು ದನಿಯಲ್ಲಿ ಹಾಡಿದಳು, ‘ಸೂರ್ಯ ದುಂಡಾಗ್ತಾನೆ ಸುವ್ವಿ.’

ಹೆಂಗಸರು ಸೊಲ್ಲು ಹಿಡಿದರು. ಆ ಗದ್ದಲದಲ್ಲಿ ಅವಳು ಅಜ್ಜಿಯ ಕಿವಿಯ ಹತ್ತಿರ ಬಾಗಿದಳು.

‘ನಂಗೂ ಬರಾಕಿಲ್ರೀ ಬೀಗತಿ. ಇಪ್ಪತ್ತು ವರ್ಷ ನಮ್ಮವ್ವನ ಬುಟ್ಟಿ ನಂದು ಅಂತ ಹೇಳ್ದೆ. ಅವ್ಳು ಹೋದ್ಮ್ಯಾಲೇ ಬರಿಯೋ ಸೊಸಿ ಹುಡುಕಿದ್ದು.’

ಅಜ್ಜಿ ಬೀಗತಿಯ ಕೈಹಿಡಿದು ಮಗಳ ಪಕ್ಕ ಕೂರಿಸಿ, ಇನ್ನೊಂದು ನಾರನ್ನು ಬೆರಳಿಗೆ ಕೊಟ್ಟು, ಹಾಡನ್ನು ಮೊದಲಿಂದ ಎತ್ತಿಕೊಂಡಳು.